ಇನ್ನೊಂದು ಬೇಕೆನಿಸಬಾರದು

ನಾಲಿಗೆಯಮ್ಮ ಮೂವತ್ತೊಂದು ವರ್ಷ ಹಲ್ಲುಜ್ಜುವ ಪೇಸ್ಟು ಮುಟ್ಟಲಿಲ್ಲ. ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ಹಲ್ಲು ತಿಕ್ಕಿಕೊಳ್ಳುತ್ತಿದ್ದಳು. ಹಸಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಖಾರ ಇಲ್ಲ, ಬಾಯಿ ಸುಡುವಂಥದ್ದು ಯಾವುದೂ ಇಲ್ಲ. ಭಾನುವಾರವೂ ಇಲ್ಲ. ಭಾನುವಾರ ತಿಂದದ್ದು ಸೋಮವಾರ ಬೆಳಿಗ್ಗೆ ಹತ್ತರವರೆಗೂ ನಾಲಿಗೆಯ ಬುಡದಲ್ಲಿ ಕೂತಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಅಡುಗೆಯನ್ನು ಗಂಡ "ಆಸ್ಪತ್ರೆ ಊಟ" ಎಂದು ಕರೆಯುತ್ತಿದ್ದ. ಕರೆಯುತ್ತ ಕರೆಯುತ್ತಲೇ ಇಪ್ಪತ್ತನಾಲ್ಕು ವರ್ಷ ಅದನ್ನೇ ಉಂಡು, ಒಂದು ದಿನ ಕಣ್ಣು ಮುಚ್ಚಿದ.

ಅವಳ ಕೆಲಸ ಸೈನಿಕರಿಗೆ ಹೋಗುವ ಬಿಸ್ಕತ್ತಿನ ರುಚಿ ನೋಡುವುದು. ಒಲೆಗಳ ಹಿಂದೆ, ಮೆಟ್ಟಿಲು ಹತ್ತಿ ಹೋದರೆ ಸಿಗುವ ಒಂದು ಕೋಣೆ. ಗೋಡೆಗೆಲ್ಲ ಬಿಳಿ ಹಂಚು. ಕಿಟಕಿಯ ಕೆಳಗಿನ ಒಂದು ಹಂಚಿನ ಮೂಲೆ ಮಾತ್ರ ಒಡೆದಿತ್ತು. ಒಂದು ಮೇಜು, ಒಂದು ಕುರ್ಚಿ, ಉಗುರುಬೆಚ್ಚಗಿನ ನೀರಿನ ಮೂರು ಲೋಟ, ಉಗಿಯಲು ಒಂದು ಬೇಸಿನ್. ಮೇಜಿನ ಬಲಕ್ಕೆ ಎರಡು ಮುದ್ರೆ. ನೀಲಿ ಮಸಿಯ ದುಂಡು ಮುದ್ರೆ ಬಿದ್ದರೆ ಪಾಸು. ಕೆಂಪು ಮಸಿಯ ತ್ರಿಕೋನ ಬಿದ್ದರೆ ಆ ಹೊತ್ತಿನ ಸರಕೆಲ್ಲ ತಿಪ್ಪೆಗೆ. ತಿಪ್ಪೆಗೆ ಅನ್ನುವುದು ಬರೀ ಮಾತಿಗೆ. ನಿಜವಾಗಿ ಅದು ಊರಾಚೆ ಹಂದಿ ಸಾಕುವವನ ಗಾಡಿಗೆ ಹೋಗುತ್ತಿತ್ತು.

ಎದುರು ಗೋಡೆಯ ಮೇಲೆ ತಗಡಿನ ಹಲಗೆ. ಅದರ ಮೇಲೆ ಮೂರು ಸಾಲು:

ಮುರಿಯಬೇಕು, ಪುಡಿಯಾಗಬಾರದು.
ಹೊಟ್ಟೆ ತುಂಬಬೇಕು, ಬಾಯಾರಬಾರದು.
ತಿನ್ನುವಂತಿರಬೇಕು, ಇನ್ನೊಂದು ಬೇಕೆನಿಸಬಾರದು.

ಮೂರನೆಯ ಸಾಲೇ ಅವಳ ಅನ್ನ. ಆ ಬಿಸ್ಕತ್ತು ದಿನಾ ತಿನ್ನುವುದಲ್ಲ. ಬೇರೆ ಏನೂ ಸಿಗದಿದ್ದಾಗ ತಿನ್ನಲೆಂದು ಸೈನಿಕನ ಜೇಬಿನಲ್ಲಿ ಇರುವಂಥದ್ದು. ರುಚಿಯಾಗಿದ್ದರೆ ಅವನು ಮೊದಲ ದಿನವೇ ಎಲ್ಲ ಖಾಲಿ ಮಾಡುತ್ತಾನೆ, ನಾಲ್ಕನೆಯ ದಿನ ಉಪವಾಸ ಸಾಯುತ್ತಾನೆ. ಆದ್ದರಿಂದ ಅದು ರುಚಿಯಾಗಿರಕೂಡದು. ಕೆಟ್ಟದ್ದೂ ಆಗಿರಕೂಡದು, ಕೆಟ್ಟದ್ದಾದರೆ ಬಿಸಾಡುತ್ತಾನೆ. ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ನಡುವೆ ಕೂದಲೆಳೆಯಷ್ಟು ಜಾಗ. ಆ ಜಾಗವನ್ನು ನಾಲಿಗೆಯಿಂದ ಹುಡುಕುವುದು ಅವಳ ಕೆಲಸ.

ಅದಕ್ಕೊಂದು ಕ್ರಮ ಇತ್ತು. ಮುಂದಿನ ಹಲ್ಲಿನಿಂದ ಕಚ್ಚಬೇಕು. ಇಪ್ಪತ್ತು ಸಲ ಅಗಿಯಬೇಕು. ಎರಡೂ ಕೆನ್ನೆಗೆ ಹೊರಳಿಸಿ, ನುಂಗದೆ ಉಗಿಯಬೇಕು. ಆಮೇಲೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೂರರವರೆಗೆ ಎಣಿಸಬೇಕು. ಆ ನೂರರೊಳಗೆ ಕೈ ತಾನಾಗಿ ತಟ್ಟೆಯ ಕಡೆ ಒಂದು ಬೆರಳಷ್ಟು ಸರಿದರೂ ಸಾಕು, ತ್ರಿಕೋನ. ಬಾಯಿ ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲ ಎಂದು ಅವಳಿಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ. ಮೊದಲ ವರ್ಷ ಕೈ ಆಗಾಗ ಸರಿಯುತ್ತಿತ್ತು. ಮೂರನೆಯ ವರ್ಷದ ಹೊತ್ತಿಗೆ, ಸರಿಯಬೇಕು ಅನ್ನಿಸುವ ಮೊದಲೇ ಗಂಟಲಲ್ಲಿ ಒಂದು ಬಗೆಯ ವಾಕರಿಕೆ ಏಳುತ್ತಿತ್ತು. ಸಕ್ಕರೆ ಅರ್ಧ ಚಮಚ ಹೆಚ್ಚು ಬಿದ್ದಿದ್ದರೂ ಏಳುತ್ತಿತ್ತು. ನಾಲಿಗೆ ಪಳಗಿತು ಎಂದು ಆ ಮುದುಕ ಬೆನ್ನು ತಟ್ಟಿದ.

ಆ ಊರಿನಲ್ಲಿ ಬಿಸ್ಕತ್ತಿನಿಂದ ಬದುಕದ ಮನೆ ಇರಲಿಲ್ಲ. ಬಿಸ್ಕತ್ತು ತಿನ್ನುವ ಮನೆಯೂ ಇರಲಿಲ್ಲ. ಒಂದು ಬೀದಿಯವರು ತಗಡಿನ ಡಬ್ಬಿ ಒತ್ತುತ್ತಿದ್ದರು, ಇನ್ನೊಂದು ಬೀದಿಯವರು ರಟ್ಟಿನ ಪೆಟ್ಟಿಗೆಗೆ ಅಂಟು ಹಾಕುತ್ತಿದ್ದರು, ಉಳಿದವರು ಒಲೆಯ ಮುಂದೆ. ಹಿಟ್ಟಿಗೆ ಹಾಕುವ ಕೊಬ್ಬಿನ ವಾಸನೆ ಊರಿಗೇ ಅಂಟಿತ್ತು. ಒಗೆದ ಬಟ್ಟೆಯಲ್ಲಿ, ತಲೆದಿಂಬಿನಲ್ಲಿ, ಮದುಮಗಳ ಕೂದಲಲ್ಲಿ ಹಳೇ ಕೊಬ್ಬಿನ ವಾಸನೆ. ಪಕ್ಕದೂರಿನವರು ಬಸ್ಸಿನಲ್ಲಿ ಇವರ ಪಕ್ಕ ಕೂತರೆ ಕಿಟಕಿ ತೆಗೆಯುತ್ತಿದ್ದರು.

ನಾಲಿಗೆಯಮ್ಮನ ತಮ್ಮನೇ ಸೈನ್ಯಕ್ಕೆ ಸೇರಿದ್ದ. ಒಂದು ಸಲ ರಜೆಗೆ ಬಂದಾಗ ಅವಳು ಆಸೆಯಿಂದ ಕೇಳಿದಳು, "ನಮ್ಮ ಬಿಸ್ಕತ್ತು ಬರುತ್ತೇನೋ ಅಲ್ಲಿಗೆ?"

"ಬರುತ್ತೆ ಅಕ್ಕ. ನಮ್ಮ ಮೇಜಿನ ಕಾಲು ಒಂದು ಗಿಡ್ಡ ಇತ್ತು. ಈಗ ಸರಿಯಾಗಿದೆ."

"ತಮಾಷೆ ಬೇಡ, ಹೇಳೋ."

ಅವನು ನಗುವುದನ್ನು ನಿಲ್ಲಿಸಿದ. "ಮೂರು ದಿನ ಹಿಮದಲ್ಲಿ ಸಿಕ್ಕಿಹಾಕ್ಕೊಂಡಿದ್ವಿ. ಜೇಬಲ್ಲಿ ಅದೊಂದೇ ಇದ್ದಿದ್ದು. ಅದನ್ನ ತಿನ್ನೋದಕ್ಕಿಂತ ಹಸ್ಕೊಂಡಿರೋದೇ ವಾಸಿ ಅನ್ಸ್ತು ಅಕ್ಕ."

ಅವಳು ಆ ಮಾತನ್ನು ಹೊಗಳಿಕೆ ಎಂದುಕೊಂಡಳು. ಮಾರನೆಯ ದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಮೂರು ದಿನ ಉಳಿದಿದೆ ಅಂದರೆ ಸರಕು ಸರಿಯಾಗಿದೆ ಎಂದು ತಾನೇ ಅರ್ಥ?

ಆಮೇಲೆ ಒಂದು ವರ್ಷ, ವಸಂತ ಕಾಲದಲ್ಲಿ, ಒಂದೇ ಒಂದು ಪುಟದ ಕಾಗದ ಬಂತು. ಸೈನ್ಯಕ್ಕೆ ಇನ್ನು ಬಿಸ್ಕತ್ತು ಬೇಡ. ಕೊಳವೆಯಲ್ಲಿ ತುಂಬಿದ ಏನೋ ಹಿಟ್ಟು ಬೇರೆ ಕಡೆಯಿಂದ ತರಿಸುತ್ತಾರಂತೆ. ನಾಲ್ಕು ಒಲೆಗಳನ್ನೂ ಆರಿಸಿದರು. ಆರಿದ ಒಲೆಯನ್ನು ಊರಿನವರು ಯಾರೂ ನೋಡಿರಲಿಲ್ಲ. ಇಟ್ಟಿಗೆಗಳು ತಣ್ಣಗಾಗುತ್ತ ಮೂರು ದಿನ ಟಕ್ ಟಕ್ ಎಂದು ಸದ್ದು ಮಾಡಿದವು. ನಾಲ್ಕನೆಯ ದಿನ ಸದ್ದೂ ನಿಂತಿತು. ತಗಡು ಸಾಗಿಸುವ ಲಾರಿ ಓಡಿಸುತ್ತಿದ್ದ ಅವಳ ಮಗ ಮನೆಯ ಮೆಟ್ಟಿಲ ಮೇಲೆ ಕೂತು, ಎದುರಿನ ಗೋಡೆ ನೋಡಲು ಶುರು ಮಾಡಿದ.

ಎರಡು ತಿಂಗಳಾದ ಮೇಲೆ ಸಲಹೆಗಾರರು ಬಂದರು. ಸೈನ್ಯದ ಖರ್ಚನ್ನೇ ನಂಬಿ ಬದುಕಿದ ಊರುಗಳಿಗೆ ಬೇರೆ ದಾರಿ ತೋರಿಸುವ ಯೋಜನೆಯಂತೆ. ನಾಲ್ಕು ಜನ ಬಂದರು, ಫೋಟೋ ತೆಗೆಸಿಕೊಂಡು ಮೂವರು ಹೋದರು, ಒಬ್ಬ ಉಳಿದ. ಅವನ ಬೂಟು ಎಷ್ಟು ಬೆಳ್ಳಗಿತ್ತೆಂದರೆ, ಕೊಬ್ಬು ಮೆತ್ತಿದ ಕಾರ್ಖಾನೆಯ ನೆಲದ ಮೇಲೆ ಅವನು ತುದಿಗಾಲಲ್ಲಿ ಬೆಕ್ಕಿನ ಹಾಗೆ ನಡೆಯುತ್ತಿದ್ದ. ಮೊದಲ ಸಭೆ ಕ್ಯಾಂಟೀನಿನಲ್ಲಿ. ಎಲ್ಲರ ಕೈಗೂ ಅಂಟು ಬಳಿದ ಒಂದೊಂದು ಬಣ್ಣದ ಚೀಟಿ ಕೊಟ್ಟ. ಅವತ್ತಿನಿಂದ ಅವನಿಗೆ ಬಣ್ಣದ ಚೀಟಿಯವನು ಎಂದೇ ಹೆಸರಾಯಿತು.

"ಎಲ್ಲರೂ ನಿಮ್ಮ ನಿಮ್ಮ ಕನಸು ಬರೀರಿ," ಎಂದ. "ನಾಚಿಕೆ ಪಡಬೇಡಿ. ತಪ್ಪು ಉತ್ತರ ಅಂತ ಯಾವುದೂ ಇಲ್ಲ."

ಹಿಟ್ಟು ಕಲೆಸುವ ಕಣಕದಕ್ಕ ನಲವತ್ತು ವರ್ಷ ದುಡಿದ ತೋಳುಗಳನ್ನು ಮೇಜಿನ ಮೇಲಿಟ್ಟು ಕೇಳಿದಳು, "ಕನಸು ಬೀಳಬೇಕಾದರೆ ನಿದ್ದೆ ಬರಬೇಕಲ್ಲಪ್ಪ. ಬರ್ತಾ ಇಲ್ಲ. ಏನು ಬರೀಲಿ?"

ಅವನು ಹಲ್ಲು ಕಿರಿದ. "ಅದನ್ನೇ ಬರೀರಿ ಅಮ್ಮ! ಒಳ್ಳೇ ಮಾತು!" ಎಂದು ಅವನೇ ಬರೆದು ಗೋಡೆಗೆ ಅಂಟಿಸಿದ. ಆ ಗೋಡೆಗೆ ಮೂವತ್ತು ವರ್ಷದ ಕೊಬ್ಬಿನ ಹೊಗೆ ಹಿಡಿದಿತ್ತು. ಅವನು ಬೆನ್ನು ತಿರುಗಿಸುವಷ್ಟರಲ್ಲಿ ಜನರ ಕನಸೆಲ್ಲ ಜಾರಿ ಕೆಳಗೆ ಬಿತ್ತು. ಸಂಜೆ ಗುಡಿಸುವವಳು ಗುಡಿಸಿ ಹಾಕಿದಳು.

ಕೊನೆಗೆ ತೀರ್ಮಾನವಾದದ್ದು ಸುಲಭದ್ದೇ. ಒಲೆ ಇದೆ, ಕೈ ಇದೆ. ಪೇಟೆಯ ಅಂಗಡಿಗಳಿಗೆ ಬಿಸ್ಕತ್ತು ಮಾಡೋಣ. ಆರು ತಿಂಗಳ ಕಾಲಾವಕಾಶ. ಅಷ್ಟರೊಳಗೆ ಊರೂರಲ್ಲೂ ಮಳಿಗೆ ಇರುವ ದೊಡ್ಡ ಅಂಗಡಿಸಾಲಿನವರು ಬಂದು, ತಿಂದು, ಒಪ್ಪಿದರೆ ಎರಡು ಒಲೆ ಉರಿಯುತ್ತವೆ, ಅರ್ಧ ಊರಿಗೆ ಕೆಲಸ. ಒಪ್ಪದಿದ್ದರೆ ನಾಲ್ಕೂ ಒಲೆ ಒಡೆದು ಗುಜರಿಗೆ. ನಾಲಿಗೆಯಮ್ಮನ ಸೊಸೆಗೆ ಹಾಳೆ ಸುತ್ತುವ ಯಂತ್ರದ ಮುಂದೆ ಕೆಲಸ ಸಿಕ್ಕಿತು. ಮನೆಯಲ್ಲಿ ದುಡಿಯುವವರು ಅತ್ತೆ, ಸೊಸೆ ಇಬ್ಬರೇ. ಒಲೆ ಆರಿದರೆ ಇಬ್ಬರೂ ಮಗನ ಪಕ್ಕ ಮೆಟ್ಟಿಲ ಮೇಲೆ.

ಮ್ಯಾನೇಜರು ಎಲ್ಲ ವಿಭಾಗಕ್ಕೂ ಹೊಸ ಆದೇಶ ಬರೆದು ಕಳಿಸಿದ. ರುಚಿಯ ಕೋಣೆಗೆ ಬಂದದ್ದು ಒಂದೇ ಸಾಲು: "ಪರೀಕ್ಷೆ ಎಂದಿನಂತೆ ನಡೆಯಲಿ." ಚೀಟಿಯವನು ಬಂದು, ಹೊಸ ಪೊಟ್ಟಣದ ಮೇಲೆ ಹಾಕುವ ನಗುವ ಸೂರ್ಯನ ಚಿತ್ರವನ್ನು ತಗಡಿನ ಹಲಗೆಯ ಪಕ್ಕ ತೂಗುಹಾಕಿ ಹೋದ. ಹಲಗೆಯನ್ನು ಯಾರೂ ತೆಗೆಯಲಿಲ್ಲ. ಅದು ಅಲ್ಲಿದೆ ಎನ್ನುವುದೇ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಷ್ಟು ಹಳೆಯದು.

ಮೊದಲ ಸರಕಿಗೆ ಬೆಣ್ಣೆ, ಹಾಲು, ಸಕ್ಕರೆ ಎಲ್ಲ ಬಿದ್ದಿತ್ತು. ಹೊರಗಿನಿಂದ ಕರೆಸಿದ ಬೇಕರಿಯವನು ಅಳತೆ ಬರೆದುಕೊಟ್ಟಿದ್ದ. ಬೆಳಿಗ್ಗೆ ಹತ್ತಕ್ಕೆ ತಟ್ಟೆ ಬಂತು. ನಾಲಿಗೆಯಮ್ಮ ಕಚ್ಚಿದಳು, ಇಪ್ಪತ್ತು ಸಲ ಅಗಿದಳು, ಉಗಿದಳು. ಅಂಗೈ ಅಂಗಾತ ಇಟ್ಟಳು. ಹನ್ನೆರಡು ಎಣಿಸುವಷ್ಟರಲ್ಲಿ ಗಂಟಲಲ್ಲಿ ಆ ಹಳೆಯ ವಾಕರಿಕೆ ಎದ್ದು ನಿಂತಿತು. ಇದು ಪೇಟೆಯವರಿಗೆ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ, ನ್ಯಾಯವಾಗಿ ನೋಡಿದಳು. ನ್ಯಾಯವಾಗಿ ನೋಡಿದರೂ ಅದು ಮುಖಕ್ಕೆ ಹೊಡೆಯುವ ಹಾಗಿತ್ತು. ಒಳಗೇನೋ ಕೆಟ್ಟಿದೆ ಅನ್ನಿಸಿತು. ತ್ರಿಕೋನ ಒತ್ತಿದಳು.

ಎರಡನೆಯದಕ್ಕೂ ತ್ರಿಕೋನ. ಮೂರನೆಯದಕ್ಕೂ. ಕಣಕದಕ್ಕ ಮೆಟ್ಟಿಲು ಹತ್ತಿ ಬಂದಳು. "ಏನೇ ನಿನ್ನ ನಾಲಿಗೆಗೆ ಬಂದಿರೋದು? ಬೆಣ್ಣೆ ಹಾಕಿದೀನಿ ಕಣೇ, ಬೆಣ್ಣೆ! ನಮ್ಮ ಮನೇಲಿ ಮದುವೆಗೂ ಹಾಕಿರಲಿಲ್ಲ ಅಷ್ಟು."

"ಬೆಣ್ಣೆ ಜಾಸ್ತಿ ಆಯ್ತು. ತಲೆಗೇರುತ್ತೆ."

"ಬಿಸ್ಕತ್ತು ತಲೆಗೇರುತ್ತಾ? ಹೆಂಡ ಏನೇ ಅದು?"

"ನಂಗೆ ಅನ್ನಿಸಿದ್ದು ಹೇಳಿದೆ. ಮುದ್ರೆ ನಿನ್ನ ಕೈಯಲ್ಲಿದ್ದರೆ ನೀನೇ ಒತ್ತು."

ಮುದ್ರೆಗೆ ಎದುರಾಡಿದವರು ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ತ್ರಿಕೋನ ಬಿದ್ದರೆ ಏನು ಮಾಡಬೇಕೆಂದು ಕಣಕದಕ್ಕನ ಕೈಗೆ ಅಭ್ಯಾಸವಾಗಿತ್ತು. ಕೈ ತಾನಾಗಿ ತೌಡಿನ ಡಬ್ಬಕ್ಕೆ ಹೋಯಿತು. ಒಂದು ಹಿಡಿ ತೌಡು ಬಿತ್ತು, ಸಕ್ಕರೆ ಒಂದು ಹಿಡಿ ಇಳಿಯಿತು. ಆ ಸರಕಿಗೂ ತ್ರಿಕೋನ ಬಿದ್ದಾಗ ಇನ್ನೊಂದು ಹಿಡಿ. ಹೀಗೆ ಹಿಡಿ ಹಿಡಿಯಾಗಿ ಹಳೆಯ ಬಿಸ್ಕತ್ತೇ ಮೆಟ್ಟಿಲು ಹತ್ತಿ ಬಂತು. ನಾಲಿಗೆಯಮ್ಮ ನೂರು ಎಣಿಸಿದಳು. ಕೈ ಅಲುಗಲಿಲ್ಲ, ಗಂಟಲು ಸುಮ್ಮನಿತ್ತು. "ಈಗ ಸರಿಹೋಯ್ತು," ಎಂದು ನೀಲಿ ದುಂಡು ಮುದ್ರೆ ಒತ್ತಿದಳು.

ಆದರೆ ಬೇಕರಿಯವನ ಅಳತೆ ಚೀಟಿ ಇನ್ನೂ ಒಲೆಯ ಮುಂದೆ ಅಂಟಿತ್ತು. ಎರಡನೆಯ ಪಾಳಿಯ ಹೆಂಗಸರು ಅದನ್ನೇ ನೋಡಿ ಕಲೆಸುತ್ತಿದ್ದರು. ಹಾಗಾಗಿ ಒಂದು ದಿನ ತ್ರಿಕೋನ, ಒಂದು ದಿನ ದುಂಡು. ಚೀಟಿಯವನು ದುಂಡು ಬಿದ್ದ ದಿನಗಳನ್ನು ಗೋಡೆಯ ಮೇಲೆ ಹಸಿರು ಗೆರೆ ಎಳೆದು ತೋರಿಸಿದ. ಗೆರೆ ಮೇಲೇರುತ್ತಿತ್ತು. ಅವನು ಒಂದು ಬಿಸ್ಕತ್ತನ್ನೂ ಬಾಯಿಗಿಡಲಿಲ್ಲ, ಮೈದಾ ತಿನ್ನುವುದಿಲ್ಲವಂತೆ. ತನ್ನ ಚೀಲದಿಂದ ಏನೋ ಬೀಜ ತೆಗೆದು, ಎಣಿಸಿ ತಿನ್ನುತ್ತಿದ್ದ. ಮ್ಯಾನೇಜರು ತಿಂದ. ಮುದ್ರೆ ದುಂಡಾಗಿದ್ದರಿಂದ ಅವನಿಗೆ ಚೆನ್ನಾಗಿಯೇ ಕಂಡಿತು.

ಐದು ತಿಂಗಳು ಮೂರು ವಾರ ಹೀಗೆ ನಡೆಯಿತು. ಅಂಗಡಿಯವರು ಬರಲು ನಾಲ್ಕು ದಿನ ಉಳಿದಿದ್ದಾಗ, ನಾಲಿಗೆಯಮ್ಮ ಮನೆಯಲ್ಲಿ ಸೂಜಿ ಹುಡುಕುತ್ತ ಸೊಸೆಯ ತಗಡಿನ ಪೆಟ್ಟಿಗೆ ತೆಗೆದಳು. ಸೂಜಿ ಸಿಗಲಿಲ್ಲ. ಸರಕಿನ ಮೂಟೆಯಿಂದ ಹರಿದ ಕಾಗದದಲ್ಲಿ ಸುತ್ತಿದ ಬಿಸ್ಕತ್ತು ಸಿಕ್ಕವು. ಮೇಲೆ ಕೆಂಪು ತ್ರಿಕೋನ.

"ಇದೇನೇ ಇದು?"

ಸೊಸೆಯ ಮುಖ ಪೆಚ್ಚಾಯಿತು. "ಕೊಂಡ್ಕೊಂಡು ಬಂದಿದ್ದು ಅತ್ತೆ."

"ಎಲ್ಲಿ?"

"ಹಂದಿಯವನ ಹತ್ರ."

ನಾಲಿಗೆಯಮ್ಮ ಕೈಯಲ್ಲಿದ್ದದ್ದನ್ನು ಪೆಟ್ಟಿಗೆಗೆ ಎಸೆದಳು. "ಹಂದಿ ಮುಸುರೇನ ಮನೆಗೆ ತಂದು ತಿಂತೀಯಾ?"

"ನಾನೊಬ್ಬಳೇನಾ? ಊರೆಲ್ಲ ತಿಂತಿದೆ. ಇವ್ರೂ ತಿಂತಾರೆ." ಇವರು ಎಂದರೆ ಮಗ. ಅವನು ಮೆಟ್ಟಿಲ ಮೇಲಿಂದ ಎದ್ದು ಮೆಲ್ಲಗೆ ಬೀದಿಗೆ ಹೋದ. "ನೀವು ಮನೇಲಿ ಇರೋವಾಗ ಮಾತ್ರ ತಿನ್ನಲ್ಲ."

"ಚೆನ್ನಾಗಿದೆಯಾ?"

"ಅತ್ತೆ, ಒಂದು ತಿಂದರೆ ನಾಲ್ಕು ಹೋಗುತ್ತೆ."

"ಹಾಗಿದ್ದರೆ ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ?"

"ನಾವೇನಂದ್ಕೊಂಡ್ವಿ ಅಂದ್ರೆ, ಪೇಟೆ ಜನ ಆರೋಗ್ಯಕ್ಕೆ ಅಂತ ಸಪ್ಪೆ ತಿಂತಾರಂತೆ. ಅದಕ್ಕೇ ನೀವು ಹುಡುಕಿ ಹುಡುಕಿ ಸಪ್ಪೇನೇ ಪಾಸು ಮಾಡ್ತಿದೀರಿ ಅಂತ. ನಿಮ್ಮ ನಾಲಿಗೆಗೆ ಗೊತ್ತಿಲ್ಲದ್ದು ನಮಗೆ ಗೊತ್ತಾ?"

ಮಾರನೆಯ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅವಳು ಹಂದಿಯವನ ದೊಡ್ಡಿಗೆ ನಡೆದಳು. ದೂರದಿಂದಲೇ ನಾತ. ಕೆಸರಲ್ಲಿ ಹಾಕಿದ ಹಲಗೆಗಳ ಮೇಲೆ ಜನ ಸಾಲಾಗಿ ನಿಂತಿದ್ದರು, ಸೆರಗಿನಿಂದ, ಟೋಪಿಯಿಂದ ಮೂಗು ಮುಚ್ಚಿಕೊಂಡು. ಡಬ್ಬಿ ಒತ್ತುವವನು, ಅಂಟು ಹಾಕುವವಳು, ಗುಡಿಸುವವಳು. ಕಣಕದಕ್ಕನೂ ಇದ್ದಳು. ನಾಲಿಗೆಯಮ್ಮನನ್ನು ಕಂಡು ಎಲ್ಲರೂ ಕೈಚೀಲವನ್ನು ಬೆನ್ನ ಹಿಂದೆ ಹಾಕಿಕೊಂಡರು. ಹಂದಿಯವನ ಹೆಂಡತಿ ಮಾತ್ರ ತಕ್ಕಡಿ ಬಿಡಲಿಲ್ಲ.

"ಬಾರಮ್ಮ, ಬಾ," ಎಂದಳು. "ನಿನ್ನ ಪುಣ್ಯ. ಈ ವರ್ಷ ನಾನು ಹಂದಿ ಸಾಕ್ತಿಲ್ಲ, ನೀನು ನಮ್ಮನ್ನ ಸಾಕ್ತಿದೀಯ. ಮಂಗಳವಾರದ್ದು ಕೊಡಲಾ, ಶುಕ್ರವಾರದ್ದು ಕೊಡಲಾ? ಶುಕ್ರವಾರದ್ದು ಬೇಗ ಖಾಲಿ ಆಗುತ್ತೆ."

"ಬೇರೆ ಬೇರೆ ಇಟ್ಟಿದೀಯಾ?"

"ಮತ್ತೆ? ಮೂಟೆ ಬಂದ ತಕ್ಷಣ ಒಂದೊಂದು ತಿಂದು ನೋಡ್ತೀನಿ. ಬಾಯಿಗೆ ಹಿಡಿಸಿದ್ದು ಈ ಕಡೆ, ಹಿಡಿಸದ್ದು ಹಂದಿ ಕಡೆ. ಮೊದಲೆಲ್ಲ ಬರ್ತಿತ್ತಲ್ಲ, ಸೈನ್ಯದ್ದು, ಅದನ್ನ ಹಂದಿಗೆ ಹಾಕಿದರೆ ಮೂಸಿ ನೋಡಿ ನನ್ನ ಮುಖ ನೋಡ್ತಿದ್ವು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಂದಿಯವನ ಹೆಂಡತಿ ಶುಕ್ರವಾರದ್ದು ಒಂದನ್ನು ಕೈಗಿಟ್ಟಳು. ನಾಲಿಗೆಯಮ್ಮ ಆ ನಾತದ ನಡುವೆ ನಿಂತೇ ಕಚ್ಚಿದಳು. ಇಪ್ಪತ್ತು ಸಲ ಅಗಿದಳು. ವಾಕರಿಕೆ ಬಂತು. ಯಾವುದರಿಂದ ಬಂತು ಎಂದು ಅವಳು ನಿಧಾನವಾಗಿ, ಎಂದಿನ ಹಾಗೆ, ಬೇರೆ ಬೇರೆ ಮಾಡಿ ನೋಡಿದಳು. ಹಂದಿಯ ನಾತ ಬೇರೆ. ಕೆಸರಿನ ನಾತ ಬೇರೆ. ಬಿಸ್ಕತ್ತಿನಲ್ಲಿ ಏನೂ ಕೆಟ್ಟಿರಲಿಲ್ಲ. ಬೆಣ್ಣೆ ತಾಜಾ, ಹಿಟ್ಟು ಹದವಾಗಿ ಬೆಂದಿದೆ. ಮತ್ತೆ ಈ ವಾಕರಿಕೆ ಯಾವುದರದ್ದು? ಕೆಳಗೆ ನೋಡಿದಳು. ಅವಳ ಬಲಗೈ ತಾನಾಗಿ ತಕ್ಕಡಿಯ ಕಡೆ ಸರಿದಿತ್ತು. ಒಂದು ಬೆರಳಷ್ಟಲ್ಲ, ಗೇಣುದ್ದ.

ಆಗ ಅವಳಿಗೆ ಗೊತ್ತಾಯಿತು. ಕೈ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಕೊಳೆತದ್ದು ನಾಲಿಗೆ. ಮೂವತ್ತೊಂದು ವರ್ಷ ಉಪ್ಪುನೀರಲ್ಲಿ ತಿಕ್ಕಿ, ಖಾರ ತೋರಿಸದೆ, ದೇವರ ಸಾಮಾನಿನ ಹಾಗೆ ಕಾಪಾಡಿಕೊಂಡು ಬಂದ ನಾಲಿಗೆ ಒಳ್ಳೆಯದನ್ನು ಕಂಡರೆ ವಾಂತಿ ಮಾಡಲು ಕಲಿತಿತ್ತು. ಹಿಮದಲ್ಲಿ ಕೂತ ತಮ್ಮನ ಮುಖ ನೆನಪಾಯಿತು. ಅವನು ಅವತ್ತು ಹೊಗಳಿರಲಿಲ್ಲ. ಅವಳು ಹಲಗೆಯ ಪಕ್ಕಕ್ಕೆ ಹೋಗಿ ಬಗ್ಗಿ ಕಕ್ಕಿದಳು. ಎರಡು ಹಂದಿ ಓಡಿ ಬಂದವು.

ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅವಳು ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು. ಚೀಟಿಯವನೂ ಅಲ್ಲೇ ಇದ್ದ.

"ನನ್ನಿಂದ ತಪ್ಪಾಗಿದೆ," ಎಂದಳು. "ಇಷ್ಟು ದಿನ ನಾನು ತಿರುಗಾಮುರುಗಾ ಮುದ್ರೆ ಒತ್ತಿದೀನಿ. ಅಂಗಡಿಯವರಿಗೆ ಕಟ್ಟಿಟ್ಟಿರೋದು ಯಾರೂ ತಿನ್ನೋಲ್ಲ. ಹಂದಿಗೆ ಹಾಕಿದ್ದೇ ಒಳ್ಳೇದು."

ಚೀಟಿಯವನು ಗೋಡೆಯ ಮೇಲಿನ ಹಸಿರು ಗೆರೆಯನ್ನು ನೋಡಿದ. "ಅಮ್ಮ, ಈ ಅಂಕಿ ಎಲ್ಲ ಮೇಲಿನವರಿಗೆ ಹೋಗಿಬಿಟ್ಟಿದೆ. ನೂರಕ್ಕೆ ಅರವತ್ತೆಂಟು ಪಾಸು ಅಂತ. ಈಗ ಅದೆಲ್ಲ ಉಲ್ಟಾ ಅಂತ ಬರೆಯೋಕಾಗುತ್ತಾ?"

"ಬರೀಬೇಡಿ. ಸರಕು ಬದಲಾಯಿಸಿ."

"ಸೀಲ್ ಮಾಡಿದ ಸ್ಯಾಂಪಲ್ ಬದಲಾಯಿಸೋ ಹಾಗಿಲ್ಲ. ನಿಯಮ." ಒಂದು ಬೀಜ ಬಾಯಿಗೆ ಹಾಕಿಕೊಂಡ. "ಸುಮ್ನೆ ಗಾಬರಿ ಆಗಿದೀರಿ. ಬದಲಾವಣೆ ಅಂದ್ರೆ ಹೀಗೇ, ಕೊನೇ ಗಳಿಗೇಲಿ ಎಲ್ಲರಿಗೂ ಅಳುಕು. ನನ್ನ ನೋಡಿ, ಇದು ನನ್ನ ಏಳನೇ ಊರು."

"ಉಳಿದ ಆರು ಊರಲ್ಲಿ ಒಲೆ ಉರೀತಿದೆಯಾ?"

ಅವನು ಬೀಜ ಅಗಿದ. ಮ್ಯಾನೇಜರು ಅವಳ ಮುಖ ನೋಡದೆ ಹೇಳಿದ, "ನಿಮಗೆ ಇನ್ನೊಂದು ವರ್ಷ ಇದೆ ಅಲ್ವಾ ನಿವೃತ್ತಿಗೆ? ಬಾಯಿಗೆ ಬೀಗ ಹಾಕ್ಕೊಂಡು ಕಳೀರಿ. ಅವರು ಬೇಡ ಅಂದ್ರೆ ರುಚಿ ಕಾರಣಕ್ಕೆ ಅಂತ ಯಾರೂ ಹೇಳಲ್ಲ. ಮಾರುಕಟ್ಟೆ ಸರಿಯಿಲ್ಲ ಅಂತ ಬರೀತಾರೆ."

ಅವಳು ಇಬ್ಬರನ್ನೂ ನೋಡಿದಳು. ಒಲೆ ಒಡೆದರೂ ಇವರಿಬ್ಬರ ಕಾಗದ ಸರಿಯಾಗಿಯೇ ಇರುತ್ತದೆ. ಹಂದಿ ದೊಡ್ಡಿಯಲ್ಲಿ ಎದ್ದದ್ದಕ್ಕಿಂತ ದೊಡ್ಡ ವಾಕರಿಕೆ ಅಲ್ಲಿ ಎದ್ದಿತು. ಈ ಸಲ ಯಾವುದರದ್ದು ಎಂದು ಬೇರೆ ಮಾಡಿ ನೋಡುವ ಅಗತ್ಯ ಬೀಳಲಿಲ್ಲ.

ಅಂಗಡಿಸಾಲಿನ ಕಡೆಯಿಂದ ಬಂದವಳು ಒಬ್ಬ ನಡುವಯಸ್ಸಿನ ಹೆಂಗಸು, ಕೊಳ್ಳುವ ಅಧಿಕಾರಿಣಿ. ಮಾತು ಕಡಿಮೆ. ಕಾರ್ಖಾನೆಯೊಳಗೆ ಬಂದ ಕೂಡಲೇ ಮೂಗು ಮುರಿದಳು, ಆಮೇಲೆ ಮರ್ಯಾದೆಗಾಗಿ ಮೂಗು ಸರಿ ಮಾಡಿಕೊಂಡಳು. ಅವಳನ್ನು ರುಚಿಯ ಕೋಣೆಗೇ ಕರೆತಂದರು. ಬಿಳಿ ಹಂಚು ನೋಡಲು ಚೊಕ್ಕಟ. ಸೂರ್ಯನ ಚಿತ್ರದ ಪೊಟ್ಟಣ ಒಡೆದು ತಟ್ಟೆಯಲ್ಲಿಟ್ಟರು. ಅವಳು ಕಚ್ಚಿದಳು. ದವಡೆ ಎರಡು ಸಲ ಆಡಿ ನಿಂತಿತು. ಮೂರು ಲೋಟದಲ್ಲಿ ಒಂದನ್ನು ಪೂರ್ತಿ ಕುಡಿದಳು.

"ಗಟ್ಟಿಯಾಗಿದೆ," ಎಂದಳು.

"ಬಾಳಿಕೆ ಬರುತ್ತೆ ಮೇಡಂ," ಎಂದ ಚೀಟಿಯವನು.

"ಬಿಸ್ಕತ್ತು ಬಾಳಿಕೆ ಬರಬಾರದು," ಎಂದು ಅವಳು ಕೈಚೀಲ ಎತ್ತಿಕೊಂಡು ಎದ್ದಳು.

ಆ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಪಾಸಾಗಲಿ, ಬೀಳಲಿ, ಪ್ರತಿ ಸರಕಿನಿಂದಲೂ ಒಂದು ಡಬ್ಬಿ ಮುಚ್ಚಿ, ತಾರೀಕು ಬರೆದು, ಒಂದು ವರ್ಷ ಇಡುವುದು ಸೈನ್ಯದ ಕಾಲದ ಪದ್ಧತಿ. ನಾಳೆ ಯಾರಾದರೂ ದೂರಿದರೆ ಸಾಕ್ಷಿಗೆ. ಬೀಗದ ಕೈ ನಾಲಿಗೆಯಮ್ಮನ ಸೊಂಟದಲ್ಲಿ. ಆ ಬಾಗಿಲು ತೆಗೆದ ಸದ್ದಿಗೆ ಮೂವರೂ ತಿರುಗಿದರು. ಅವಳು ಶುಕ್ರವಾರದ ಡಬ್ಬಿ ತೆಗೆದು, ಮೇಜಿನ ಮೇಲಿಟ್ಟು, ಮುಚ್ಚಳ ಎಬ್ಬಿಸಿದಳು.

"ಅಮ್ಮಾ," ಎಂದ ಮ್ಯಾನೇಜರು, ಹಲ್ಲು ಕಚ್ಚಿಕೊಂಡು.

"ಒಂದು ತಿಂದು ಹೋಗವ್ವ," ಎಂದಳು ನಾಲಿಗೆಯಮ್ಮ, ಬಂದವಳಿಗೆ. "ಇಷ್ಟು ದೂರ ಬಂದಿದೀಯ."

ಬಂದವಳು ನಿಂತೇ ಕಚ್ಚಿದಳು. ದವಡೆ ನಿಲ್ಲಲಿಲ್ಲ. ನುಂಗಿದಳು. ನಾಲಿಗೆಯಮ್ಮ ಅವಳ ಮುಖ ನೋಡಲಿಲ್ಲ. ಕೈ ನೋಡುತ್ತ ಮನಸ್ಸಿನಲ್ಲೇ ಎಣಿಸಿದಳು. ಒಂಬತ್ತಕ್ಕೆ ಕೈ ಡಬ್ಬಿಯೊಳಗೆ ಹೋಯಿತು. ಎರಡನೆಯದನ್ನು ತೆಗೆಯುವಾಗ ಬಂದವಳ ಕಣ್ಣಿಗೆ ಡಬ್ಬಿಯ ಮೇಲಿನ ಮುದ್ರೆ ಬಿತ್ತು.

"ಈ ತ್ರಿಕೋನ ಏನು?"

"ತಳ್ಳಿಹಾಕಿದ್ದು ಅಂತ."

"ತಳ್ಳಿಹಾಕಿದ್ರಾ? ಯಾಕೆ?"

"ರುಚಿಯಾಗಿದೆ ಅಂತ."

ಬಂದವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ಯಾರಾದರೂ ನಗುತ್ತಾರೇನೋ ಎಂದು. ಯಾರೂ ನಗಲಿಲ್ಲ. ಆಮೇಲೆ ಅವಳ ಕಣ್ಣು ಎದುರು ಗೋಡೆಯ ತಗಡಿನ ಹಲಗೆಯ ಮೇಲೆ ಹೋಯಿತು. ಮೂರು ಸಾಲನ್ನೂ ತುಟಿ ಅಲುಗಿಸುತ್ತ ಓದಿದಳು. ಓದುತ್ತ ಓದುತ್ತ ಅವಳ ಮುಖ ಹೇಗಾಯಿತೆಂದರೆ, ತಟ್ಟೆಯಲ್ಲಿ ಕೂದಲು ಸಿಕ್ಕವರ ಮುಖದ ಹಾಗೆ.

"ಇದನ್ನ ತಳ್ಳಿಹಾಕಿದ್ದು ಯಾರು?"

"ನಾನು."

"ಮತ್ತೆ ಆ ಕಲ್ಲನ್ನ ಪಾಸು ಮಾಡಿದ್ದು?"

"ಅದೂ ನಾನೇ."

ಬಂದವಳು ಮ್ಯಾನೇಜರ ಕಡೆ ತಿರುಗಿದಳು. "ತ್ರಿಕೋನದ್ದನ್ನು ನಾವು ತಗೋತೀವಿ. ಎರಡು ಒಲೆಯಷ್ಟು. ಆದರೆ ಇವರು ಇನ್ನು ರುಚಿ ನೋಡಬಾರದು. ಇದು ಷರತ್ತು. ಬೇರೆಯವರು ಯಾರಾದರೂ ಇದಾರಾ?"

ಮ್ಯಾನೇಜರು ಬಾಯಿ ಬಿಟ್ಟ. ಮಾತು ಹೊರಡುವ ಮೊದಲೇ ನಾಲಿಗೆಯಮ್ಮ ಹೇಳಿದಳು, "ಇದಾಳೆ. ಹಂದಿಯವನ ಹೆಂಡತಿ. ಆರು ತಿಂಗಳಿಂದ ಆ ಕೆಲಸಾನೇ ಮಾಡ್ತಿದಾಳೆ."

ಬಂದವಳು ಕೈಯಲ್ಲಿದ್ದ ಅರ್ಧ ಬಿಸ್ಕತ್ತನ್ನು ನೋಡಿದಳು. ಒಂದು ಕ್ಷಣ ಅದನ್ನು ಕೆಳಗಿಡುತ್ತಾಳೆ ಅನ್ನಿಸಿತು. ಇಡಲಿಲ್ಲ, ತಿಂದು ಮುಗಿಸಿದಳು.

ಅವತ್ತು ಸಂಜೆ ನಾಲಿಗೆಯಮ್ಮ ಎರಡು ಮುದ್ರೆಯನ್ನೂ ಮಸಿ ಹೋಗುವವರೆಗೆ ತೊಳೆದು, ಒರೆಸಿ, ಮೇಜಿನ ಬಲಕ್ಕಿಟ್ಟಳು. ತಗಡಿನ ಹಲಗೆಯನ್ನು ಮೊಳೆಯಿಂದ ತಾನೇ ಕಿತ್ತು, ಮೆಟ್ಟಿಲು ಇಳಿದು ಗುಜರಿ ರಾಶಿಗೆ ಎಸೆದಳು. ಕಾಲ ಮೇಲೆ ಬೀಳಬಾರದೆಂದು ದೂರಕ್ಕೇ ಎಸೆದಳು. ಕಣಕದಕ್ಕ ಒಲೆಯ ಮುಂದಿನಿಂದ ಕೂಗಿದಳು, "ಏನೇ, ಈಗಲಾದರೂ ಬೆಣ್ಣೆ ಹಾಕಬಹುದಾ?"

"ಹಾಕೇ, ಕೈ ತುಂಬ ಹಾಕು. ನನ್ನ ಮಾತಂತೂ ಕೇಳಬೇಡ."

ಮಗನಿಗೆ ಲಾರಿ ಮತ್ತೆ ಸಿಕ್ಕಿತು. ಸೊಸೆ ಎರಡನೆಯ ಪಾಳಿಯಲ್ಲಿ ಯಂತ್ರದ ಮುಂದೆ ಉಳಿದಳು. ಚೀಟಿಯವನು ತನ್ನ ವರದಿಯಲ್ಲಿ ಹಂದಿ ದೊಡ್ಡಿಯ ಸಾಲನ್ನು "ಸ್ಥಳೀಯರು ನಡೆಸಿದ ಮಾರುಕಟ್ಟೆ ಸಮೀಕ್ಷೆ" ಎಂದು ಬರೆದು, ಮೇಲಿನವರಿಂದ ಶಹಬಾಸ್ ಅನ್ನಿಸಿಕೊಂಡು, ಎಂಟನೆಯ ಊರಿಗೆ ಹೋದ. ಹೋಗುವ ದಿನ ನಾಲಿಗೆಯಮ್ಮನ ಕೈ ಕುಲುಕಲು ಬಂದ. ಕೈ ಹಿಟ್ಟಾಗಿದೆ ಎಂದಳು. ಹಿಟ್ಟಾಗಿರಲಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿರುವ ಅವಳು ಈಗ ಬೆಳಿಗ್ಗೆ ಸೊಸೆಯ ಪೇಸ್ಟಿನಲ್ಲೇ ಹಲ್ಲುಜ್ಜುತ್ತಾಳೆ. ಬಾಯಿ ಉರಿಯುತ್ತದೆ, ಉರಿಯಲಿ ಎಂದು ಬಿಡುತ್ತಾಳೆ. ಊಟಕ್ಕೆ ಹಸಿ ಈರುಳ್ಳಿ ಕಚ್ಚಿಕೊಳ್ಳುತ್ತಾಳೆ. ದಿನಾ ಬೆಳಿಗ್ಗೆ ಹತ್ತಕ್ಕೆ, ಹಳೆಯ ಪರೀಕ್ಷೆಯ ಹೊತ್ತಿಗೆ ಸರಿಯಾಗಿ, ಹೊಸ ಬಿಸ್ಕತ್ತು ಒಂದನ್ನು ತಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಾಳೆ. ಕಚ್ಚುತ್ತಾಳೆ, ಅಗಿಯುತ್ತಾಳೆ. ಈಗ ಉಗಿಯುವುದಿಲ್ಲ, ಕಷ್ಟಪಟ್ಟು ನುಂಗುತ್ತಾಳೆ. ಗಂಟಲು ಇನ್ನೂ ಅದನ್ನು ಹೊರದಬ್ಬಲು ನೋಡುತ್ತದೆ.

"ಯಾಕತ್ತೆ ಅಷ್ಟು ಹಿಂಸೆ? ಸೇರದಿದ್ದರೆ ಬಿಟ್ಟುಬಿಡಿ," ಎನ್ನುತ್ತಾಳೆ ಸೊಸೆ.

"ಸುಮ್ಮನಿರೇ. ಎಣಿಸ್ತಿದೀನಿ," ಎನ್ನುತ್ತಾಳೆ ಅವಳು, ಎರಡೂ ಅಂಗೈ ಅಂಗಾತ ಇಟ್ಟುಕೊಂಡು.